ಛಾಯಾಚಿತ್ರ ಸಂಘಗಳೂ ಅವುಗಳ ಕಟ್ಟಳೆಗಳೂ

ಕಳೆದ ಮಾಘಮಾಸದ ಒಂದು ಸಂಜೆ ನಮ್ಮ ಊರಿನ ಆರೇಳು ಮಂದಿ ತರುಣರು ನನ್ನ ಮನೆಗೆ ಬಂದರು. ಅವರಲ್ಲಿ ಮೂವರು ಹಿಂದೆ ನನ್ನಲ್ಲಿ ಓದಿದವರು. ಊರಿನಲ್ಲಿ ಛಾಯಾಚಿತ್ರಕಲೆಯಲ್ಲಿ ಅಭಿರುಚಿಯುಳ್ಳವರೆಲ್ಲರೂ ಸೇರಿ ಒಂದು ಸಂಘವನ್ನು ಏರ್ಪಡಿಸಿಕೊಳ್ಳಬೇಕೆಂದು ಸಂಕಲ್ಪಿಸಿರುವುದಾಗಿಯೂ, ಅದನ್ನು ರಿಜಿಸ್ಟರು ಮಾಡಿಸುವುದಕ್ಕೆ ನಿಬಂಧನೆಗಳ ಪ್ರತಿಯೊಂದು ಬೇಕಾಗಿರುವುದಾಗಿಯೂ ತಿಳಿಸಿ, ತಾವು ಬರೆದು ತಂದಿದ್ದ ಕರಡನ್ನು ನನ್ನ ಮುಂದಿಟ್ಟರು. “ಮೇಷ್ಟ್ರೇ, ಭಾಷೆಯನ್ನು ಮಾತ್ರ ಸ್ವಲ್ಪ ತಿದ್ದಿಕೊಡಿ” ಎಂದರು. ನಾನು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದವನಲ್ಲ. ಆದರೆ ವ್ಯಾಕರಣದ ತಪ್ಪನ್ನು ತಿದ್ದುವುದಕ್ಕೆ ಕ್ಯಾಮೆರಾದ ಜ್ಞಾನವು ಬೇಕಾಗಿಲ್ಲವಷ್ಟೆ. ಒಪ್ಪಿಕೊಂಡೆನು.

ಕರಡಿನಲ್ಲಿ ಹನ್ನೊಂದು ಕಟ್ಟಳೆಗಳಿದ್ದವು. ಸಂಘದ ಹೆಸರು, ಉದ್ದೇಶ, ಪ್ರವೇಶಶುಲ್ಕ, ವಾರ್ಷಿಕ ಚಂದಾ, ತಿಂಗಳಿಗೊಂದು ಸಭೆ, ವರ್ಷಕ್ಕೊಂದು ಪ್ರದರ್ಶನ ಇವೇ ಮೊದಲಾದುವೆಲ್ಲ ಸರಿಯಾಗಿಯೇ ಇದ್ದವು. ಒಂಬತ್ತನೆಯದರ ಮೇಲೆ ಮಾತ್ರ ನನ್ನ ಕಣ್ಣು ನಿಂತಿತು. ಯಾವ ಸದಸ್ಯನಾದರೂ ಸಂಘದ ಗೌರವಕ್ಕೆ ಕುಂದು ಬರುವಂತೆ ನಡೆದುಕೊಂಡಲ್ಲಿ ಕಾರ್ಯಕಾರಿ ಸಮಿತಿಯು ಆತನನ್ನು ತೆಗೆದುಹಾಕಬಹುದು ಎಂಬುದು ಅದರ ತಾತ್ಪರ್ಯ. ಇದರಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ. ಆದರೆ ಇದು ಯಾರನ್ನು ಉದ್ದೇಶಿಸಿ ಬರೆದುದೆಂಬುದು ನನಗೆ ತಿಳಿದಿತ್ತು. ಹಿಂದಿನ ಮಳೆಗಾಲದಲ್ಲಿ ಅವರಲ್ಲೊಬ್ಬನು ಊರಿನ ಕೆರೆಗೆ ಚರಂಡಿಯ ನೀರು ಹರಿದು ಬೀಳುತ್ತಿದ್ದುದನ್ನು ಚಿತ್ರ ತೆಗೆದು, ಜನರು ನೋಡುವಂತೆ ತೂಗುಹಾಕಿದ್ದನು. ಸಂಘಕ್ಕೆ ಒಂದು ಕೊಠಡಿಯನ್ನು ಬಾಡಿಗೆಯಿಲ್ಲದೆ ಕೊಡುವುದಾಗಿ ಹೇಳಿದ್ದ ಹಿರಿಯರೊಬ್ಬರಿಗೆ ಅದರಿಂದ ಅಸಮಾಧಾನವಾಗಿದ್ದಿತು. ಆ ಹುಡುಗನೂ ಅಂದು ನಮ್ಮ ಜಗುಲಿಯ ಮೇಲೆ ಕುಳಿತಿದ್ದನು. ಕರಡನ್ನು ಚೆನ್ನಾದ ಅಕ್ಷರದಲ್ಲಿ ಬರೆದಿದ್ದವನೂ ಅವನೇ ಎಂದು ಆಮೇಲೆ ತಿಳಿಯಿತು.

“ಹದಿನೈದು ದಿನ ಬಿಟ್ಟು ಬನ್ನಿರಪ್ಪಾ” ಎಂದು ಅವರನ್ನು ಕಳುಹಿಸಿದೆನು. ಆ ಹದಿನೈದು ದಿನಗಳಲ್ಲಿ ನಾನು ಓದಿದ ಮತ್ತು ನೆನಪಿಗೆ ತಂದುಕೊಂಡ ವಿಷಯಗಳನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಛಾಯಾಚಿತ್ರವೆಂಬುದು ಒಬ್ಬನೇ ಮಾಡುವ ಕೆಲಸ. ಅದಕ್ಕೆ ಸಂಘವೇಕೆ ಎಂದು ಕೇಳಬಹುದು. ಈಗ ಅಂಗೈಯಗಲದ ಫೋನಿನಲ್ಲಿಯೇ ಚಿತ್ರವು ಮೂಡುವುದರಿಂದ ಈ ಪ್ರಶ್ನೆಯು ಸಹಜವೇ ಸರಿ. ಆದರೆ ಮೊದಲಿನ ಸ್ಥಿತಿಯು ಹೀಗಿರಲಿಲ್ಲ. 1839ರಲ್ಲಿ ಪ್ಯಾರಿಸಿನಲ್ಲಿ ಡಾಗೇರನ ವಿಧಾನವು ಪ್ರಕಟವಾಯಿತು. ಅದರಲ್ಲಿ ಬೆಳ್ಳಿಯ ಲೇಪವುಳ್ಳ ತಗಡಿನ ಮೇಲೆ ಒಂದೇ ಒಂದು ಪ್ರತಿಯು ಸಿದ್ಧವಾಗುತ್ತಿತ್ತು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ಟನು ಕಾಗದದ ಮೇಲೆ ವಿಲೋಮಚಿತ್ರವನ್ನು ತೆಗೆದು ಅದರಿಂದ ಬೇಕಾದಷ್ಟು ಪ್ರತಿಗಳನ್ನು ಅಚ್ಚುಮಾಡುವ ಕ್ರಮವನ್ನು ಕಂಡುಹಿಡಿದು, 1841ರಲ್ಲಿ ಅದಕ್ಕೆ ಪೇಟೆಂಟು ಪಡೆದನು. 1851ರಲ್ಲಿ ಸ್ಕಾಟ್ ಆರ್ಚರನು ಗಾಜಿನ ಹಲಗೆಗೆ ಕಲೋಡಿಯನ್ ಎಂಬ ದ್ರವವನ್ನು ಹಚ್ಚಿ ಮಾಡುವ ಕ್ರಮವನ್ನು, ಪೇಟೆಂಟು ಪಡೆಯದೆಯೇ, ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದನು. (ಹಾಗೆ ಉದಾರವಾಗಿ ಕೊಟ್ಟ ಆರ್ಚರನು 1857ರಲ್ಲಿ ಬಡತನದಲ್ಲಿಯೇ ಕಾಲವಾದನು.) ಈ ಕ್ರಮದಲ್ಲಿ ಗಾಜಿಗೆ ದ್ರವವನ್ನು ಹುಯ್ದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಒಣಗುವುದಕ್ಕೆ ಮುಂಚೆಯೇ ಕತ್ತಲೆಯ ಡೇರೆಯೊಳಗೆ ತೊಳೆದು ಮುಗಿಸಬೇಕು. ಇವೆಲ್ಲಕ್ಕೂ ಇರುತ್ತಿದ್ದುದು ಕೆಲವೇ ನಿಮಿಷಗಳು. ನಮ್ಮ ದೇಶದ ಬಿಸಿಲಿನಲ್ಲಿ ಅಷ್ಟೂ ಇರುತ್ತಿರಲಿಲ್ಲ. ಔಷಧಿಗಳು ಸಮುದ್ರದ ಮೇಲೆ ಬರಬೇಕು, ಕೆಟ್ಟುಹೋದರೆ ಪುನಃ ತಿಂಗಳುಗಟ್ಟಲೆ ಕಾಯಬೇಕು. ಯಾರೋ ಒಬ್ಬರು ಕಂಡುಕೊಂಡ ಉಪಾಯವನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಪ್ರತಿಯೊಬ್ಬನೂ ಅದೇ ತಪ್ಪನ್ನು ತನ್ನ ಸ್ವಂತ ಖರ್ಚಿನಲ್ಲಿ ಮಾಡಬೇಕಾಗಿತ್ತು. ಹೀಗಿರುವಲ್ಲಿ ಸಂಘವು ವಿನೋದಕ್ಕಾಗಿ ಹುಟ್ಟಿದುದಲ್ಲ, ಅವಶ್ಯಕತೆಯಿಂದ ಹುಟ್ಟಿದುದು.

ಮೊದಲನೆಯ ಕೂಟವು 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೇರಿತು. ಅದರವರಲ್ಲಿ ವಕೀಲರೇ ಹೆಚ್ಚು. ಟಾಲ್ಬಟ್ಟನ ಪೇಟೆಂಟು ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲವಾದುದರಿಂದ ಅವರಿಗೆ ಅಡ್ಡಿಯಿರಲಿಲ್ಲ. 1851ರಲ್ಲಿ ಪ್ಯಾರಿಸಿನವರು ಒಂದು ಸಂಘವನ್ನು ಸ್ಥಾಪಿಸಿ ಪತ್ರಿಕೆಯನ್ನೂ ಹೊರಡಿಸಿದರು. ರೋಜರ್ ಫೆಂಟನ್ ಎಂಬ ಆಂಗ್ಲ ನ್ಯಾಯವಾದಿಯು ಅದನ್ನು ಕಂಡು ಬಂದು ಲಂಡನ್ನಿನಲ್ಲಿಯೂ ಅಂಥದೊಂದು ಆಗಬೇಕೆಂದು ಪ್ರಯತ್ನಿಸಿದನು. ಅಲ್ಲಿ ಪೇಟೆಂಟೇ ದೊಡ್ಡ ತೊಡಕಾಗಿ ನಿಂತಿತು. ಸದಸ್ಯರು ಮಾಡುವ ಕೆಲಸಕ್ಕೆಲ್ಲ ಒಬ್ಬನ ಅಪ್ಪಣೆ ಬೇಕೆಂದಾದರೆ ಸಂಘವು ನಡೆಯುವುದು ಹೇಗೆ? ಕಡೆಗೆ 1852ರಲ್ಲಿ ಗಣ್ಯರು ನಡುವೆ ಬಂದು ಕೇಳಿಕೊಂಡ ಮೇಲೆ, ಹಣಕ್ಕಾಗಿ ಜನರ ಭಾವಚಿತ್ರ ತೆಗೆಯುವ ವೃತ್ತಿಯೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ಟಾಲ್ಬಟ್ಟನು ತನ್ನ ಹಕ್ಕನ್ನು ಸಡಿಲಿಸಿದನು. 1853ನೆಯ ಜನವರಿ 20ರಂದು ಸಂಘವು ಸ್ಥಾಪಿತವಾಯಿತು. ರಾಯಲ್ ಅಕಾಡೆಮಿಯ ಅಧ್ಯಕ್ಷರಾಗಿದ್ದ ಚಿತ್ರಕಾರ ಸರ್ ಚಾರ್ಲ್ಸ್ ಈಸ್ಟ್‌ಲೇಕರು ಅಧ್ಯಕ್ಷರಾದರು, ಫೆಂಟನ್ನನು ಕಾರ್ಯದರ್ಶಿಯಾದನು. 1894ರಿಂದ ಅದಕ್ಕೆ ರಾಯಲ್ ಎಂಬ ವಿಶೇಷಣವೂ ಸೇರಿ ಇಂದಿಗೂ ನಡೆಯುತ್ತಿದೆ.

ಆ ಸಂಘದಲ್ಲಿ ಸ್ತ್ರೀಯರಿಗೂ ಪ್ರವೇಶವಿತ್ತೆಂಬುದನ್ನು ನಮ್ಮ ತರುಣರಿಗೆ ನಾನು ಒತ್ತಿ ಹೇಳಿದೆನು. ಅವರ ಕರಡಿನಲ್ಲಿ ‘ಸದಸ್ಯನು’ ಎಂಬ ಪುಲ್ಲಿಂಗ ಶಬ್ದವೇ ಉದ್ದಕ್ಕೂ ಇದ್ದಿತು. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಎಂಬಾಕೆಯು ನಲವತ್ತೆಂಟು ವರ್ಷ ವಯಸ್ಸಿನ ಹೊತ್ತಿಗೆ ಈ ಕಲೆಯನ್ನು ಕೈಗೊಂಡು 1864ರಲ್ಲಿ ಲಂಡನ್ ಸಂಘದ ಸದಸ್ಯೆಯಾದಳು. ಆಕೆಯ ಚಿತ್ರಗಳು ಮಸಕಾಗಿವೆ, ಕಲೆಗಳಿಂದ ಕೂಡಿವೆ ಎಂದು ಸಂಘದ ಪತ್ರಿಕೆಯೇ ಆಕ್ಷೇಪಿಸಿತು. ಆದರೂ ಆಕೆಯನ್ನು ಹೊರಹಾಕಲಿಲ್ಲ. ಪ್ರವೇಶಕ್ಕೆ ಕೌಶಲದ ಪರೀಕ್ಷೆಯನ್ನಿಡಬೇಕೆನ್ನುವವರು ಈ ಸಂಗತಿಯನ್ನು ಜ್ಞಾಪಕದಲ್ಲಿಡಬೇಕು. ಅಂದಿನ ಪರೀಕ್ಷಕರು ತಳ್ಳಿಬಿಡಬಹುದಾಗಿದ್ದ ಆಕೆಯ ಚಿತ್ರಗಳನ್ನೇ ಇಂದು ಜನರು ಹುಡುಕಿಕೊಂಡು ಹೋಗಿ ನೋಡುತ್ತಾರೆ.

ಇನ್ನು ಭಾರತದ ವಿಷಯ. ಲಂಡನ್ನಿನಲ್ಲಿ ಸಂಘವು ಸ್ಥಾಪಿತವಾದ ಮರುವರ್ಷವೇ, ಅಂದರೆ 1854ರಲ್ಲಿ, ಮುಂಬಯಿಯಲ್ಲಿ ಛಾಯಾಚಿತ್ರ ಸಂಘವು ಹುಟ್ಟಿತು. 1856ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳದ ಸಂಘವೂ, ಅದೇ ವರ್ಷದಲ್ಲಿ ಮದರಾಸಿನ ಸಂಘವೂ ಏರ್ಪಟ್ಟವು. ಮದರಾಸಿನದಕ್ಕೆ ಅಲ್ಲಿನ ಕಲಾಶಾಲೆಯ ಡಾಕ್ಟರ್ ಅಲೆಗ್ಸಾಂಡರ್ ಹಂಟರರು ಮುಖ್ಯ ಕಾರಣರು. ಮುಂಬಯಿಯ ಸಂಘದಲ್ಲಿ ನಮ್ಮವರಾದ ಡಾಕ್ಟರ್ ಭಾವು ದಾಜಿ ಮತ್ತು ಅವರ ತಮ್ಮಂದಿರಾದ ನಾರಾಯಣ ದಾಜಿಯವರು ಸದಸ್ಯರಾಗಿದ್ದರು. ಭಾವು ದಾಜಿಯವರು ವೈದ್ಯರಾಗಿದ್ದುದು ಮಾತ್ರವಲ್ಲದೆ ಪ್ರಾಚೀನ ಶಾಸನಗಳನ್ನು ಓದಿ ನಿರ್ಣಯಿಸುವುದರಲ್ಲಿಯೂ ಹೆಸರಾದವರು. ಶಾಸನವನ್ನು ಓದುವವರಿಗೆ ಕ್ಯಾಮೆರಾದ ಮೇಲೆ ಪ್ರೀತಿ ಹುಟ್ಟುವುದು ಆಶ್ಚರ್ಯವಲ್ಲ. ಕಲ್ಲಿನ ಮೇಲಿನ ಅಕ್ಷರವನ್ನು ನಕಲು ಮಾಡುವವನ ಕೈ ತಪ್ಪಬಹುದು, ಬೆಳಕು ತಪ್ಪುವುದಿಲ್ಲ.

ನಮ್ಮ ಕನ್ನಡನಾಡಿಗೂ ಈ ಹೊಸ ಕಲೆಯ ಉಪಕಾರವು ಬಹು ಬೇಗನೆ ಸಂದಿತು. ಬೆಂಗಳೂರಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು 1854ರ ಡಿಸೆಂಬರಿನಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರ ತೆಗೆದನು. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪದಕವು ಬಂದಿತು. 1855ರಲ್ಲಿಯೇ ಮುಂಬಯಿ ಸರ್ಕಾರದವರು ಕ್ಯಾಪ್ಟನ್ ಬಿಗ್ಸ್ ಎಂಬಾತನನ್ನು ಬಿಜಾಪುರ, ಬಾದಾಮಿ, ಐಹೊಳೆ ಮೊದಲಾದ ಕಡೆಗಳಲ್ಲಿನ ಪ್ರಾಚೀನ ಕಟ್ಟಡಗಳ ಚಿತ್ರಣಕ್ಕಾಗಿ ನೇಮಿಸಿದರು. ಆತನ ತರುವಾಯ ಡಾಕ್ಟರ್ ಪಿಗೂ ಎಂಬಾತನು ಆ ಕೆಲಸವನ್ನು ಮುಂದುವರಿಸಿದನು. ಇವರುಗಳೂ ಡಾಕ್ಟರ್ ನೀಲನೂ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಿಂದ ಧಾರವಾಡ ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಮೆಡೋಸ್ ಟೇಲರನು ಇತಿಹಾಸವನ್ನೂ ಜೇಮ್ಸ್ ಫರ್ಗುಸನ್ನನು ಶಿಲ್ಪವಿಚಾರವನ್ನೂ ಬರೆದರು. ಈ ಫರ್ಗುಸನ್ನನ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಬಂಗಾಳದ ಛಾಯಾಚಿತ್ರ ಸಂಘದಲ್ಲಿ ಖಜಾಂಚಿಯಾಗಿದ್ದವರು ರಾಜೇಂದ್ರಲಾಲ ಮಿತ್ರರು. ಪಾಠಶಾಲೆಯಲ್ಲಿ ಓದಿದವರಿಗೆ ಈ ಹೆಸರು ಹೊಸದಲ್ಲ. ತೈತ್ತಿರೀಯ ಬ್ರಾಹ್ಮಣ, ತೈತ್ತಿರೀಯ ಆರಣ್ಯಕಗಳನ್ನು ಸಾಯಣಾಚಾರ್ಯರ ಭಾಷ್ಯದೊಡನೆ ಬಿಬ್ಲಿಯೋಥಿಕಾ ಇಂಡಿಕಾ ಮಾಲೆಯಲ್ಲಿ ಅಚ್ಚುಹಾಕಿಸಿದವರು ಅವರೇ. ವಿಜಯನಗರದ ಆಶ್ರಯದಲ್ಲಿ ಹುಟ್ಟಿದ ಭಾಷ್ಯವು ಕಲ್ಕತ್ತೆಯಲ್ಲಿ ಮುದ್ರಿತವಾಗಿ ನಮ್ಮ ಪಾಠಶಾಲೆಯ ಬೀರುವಿಗೆ ಬಂದಿದ್ದಿತು. ಹಳದಿಗಟ್ಟಿ ಮುಟ್ಟಿದರೆ ಪುಡಿಯಾಗುತ್ತಿದ್ದ ಆ ಪುಸ್ತಕವನ್ನು ನಮ್ಮ ಗುರುಗಳು ತಾವೇ ತೆಗೆದು ತಾವೇ ಇಡುತ್ತಿದ್ದರು, ನಮ್ಮ ಕೈಗೆ ಕೊಡುತ್ತಿರಲಿಲ್ಲ. ಅದರ ಮುಖಪತ್ರದಲ್ಲಿ ನೋಡಿದ ಹೆಸರಿನ ಮಹನೀಯರು ಕ್ಯಾಮೆರಾ ಸಂಘವೊಂದರ ಖಜಾಂಚಿಯೂ ಆಗಿದ್ದರೆಂಬುದು ನನಗೆ ತಿಳಿದುದು ಬಹಳ ವರ್ಷಗಳ ಮೇಲೆ.

ಮಿತ್ರರು ಮೊದಲು ವೈದ್ಯವನ್ನೂ ಆಮೇಲೆ ನ್ಯಾಯಶಾಸ್ತ್ರವನ್ನೂ ಓದಲು ಹೊರಟು ಎರಡನ್ನೂ ಪೂರೈಸದೆ, 1846ರಲ್ಲಿ ಏಷ್ಯಾಟಿಕ್ ಸೊಸೈಟಿಯಲ್ಲಿ ಉಪಕಾರ್ಯದರ್ಶಿಯೂ ಪುಸ್ತಕಭಂಡಾರಿಯೂ ಆಗಿ ಸೇರಿದರು. ಅಲ್ಲಿನ ತಾಳೆಯೋಲೆಗಳ ನಡುವೆಯೇ ಅವರ ವಿದ್ಯಾಭ್ಯಾಸವು ನಡೆಯಿತೆನ್ನಬಹುದು. ಬಂಗಾಳಿಯಲ್ಲಿ ಚಿತ್ರಗಳಿಂದ ಕೂಡಿದ ಮಾಸಪತ್ರಿಕೆಯೊಂದನ್ನೂ ಅವರು ನಡೆಸಿದರು. ಛಾಯಾಚಿತ್ರವು ಬಂದೊಡನೆ ಅದರ ಪ್ರಯೋಜನವನ್ನು ಕಂಡುಕೊಂಡವರಲ್ಲಿ ಅವರೊಬ್ಬರು.

1857ರ ಮೊದಲಲ್ಲಿ ಕಲ್ಕತ್ತೆಯನ್ನು ಒಂದು ವಾದವು ಇಬ್ಭಾಗ ಮಾಡಿದ್ದಿತು. ಆಗಿನ ಕಾನೂನಿನ ಪ್ರಕಾರ ಬಂಗಾಳದ ಹಳ್ಳಿಗಾಡಿನಲ್ಲಿ ಒಬ್ಬ ಆಂಗ್ಲನು ಅಪರಾಧ ಮಾಡಿದರೆ ಅಲ್ಲಿಯ ಕಂಪೆನಿ ನ್ಯಾಯಸ್ಥಾನಗಳಿಗೆ ಅವನನ್ನು ವಿಚಾರಿಸುವ ಅಧಿಕಾರವಿರಲಿಲ್ಲ. ದೂರದ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೇ ಹೋಗಬೇಕಾಗಿತ್ತು. ನೀಲಿಯ ತೋಟದ ದೊರೆಯಿಂದ ಪೆಟ್ಟು ತಿಂದ ರೈತನು ಸಾಕ್ಷಿಗಳನ್ನು ಕರೆದುಕೊಂಡು ಕಲ್ಕತ್ತೆಗೆ ಹೋಗುವನೆಲ್ಲಿ, ನ್ಯಾಯವನ್ನು ಪಡೆಯುವನೆಲ್ಲಿ! ಈ ಭೇದವನ್ನು ತೆಗೆಯಬೇಕೆಂದು 1849ರಲ್ಲಿ ಬೆಥೂನರು ತಂದ ಮಸೂದೆಗಳನ್ನು ಆಂಗ್ಲರು ಕರಾಳ ಶಾಸನಗಳೆಂದು ಕರೆದು ಗದ್ದಲವೆಬ್ಬಿಸಿ ನಿಲ್ಲಿಸಿದ್ದರು. ಅದೇ ವಿಚಾರವು 1857ರಲ್ಲಿ ಪುನಃ ಎದ್ದಿತು. ಏಪ್ರಿಲ್ 6ರಂದು ಕಲ್ಕತ್ತೆಯ ಪುರಭವನದಲ್ಲಿ ದೇಶೀಯರು ಮಸೂದೆಯ ಪರವಾಗಿ ಸಭೆ ಸೇರಿದರು. ಬಾರಕಪುರದಲ್ಲಿ ಮಂಗಲ ಪಾಂಡೆಯ ಪ್ರಕರಣವು ನಡೆದು ಆಗಿನ್ನೂ ಎಂಟು ದಿನ, ಮೀರಟ್ಟಿನಲ್ಲಿ ದಂಗೆಯೇಳುವುದಕ್ಕೆ ಇನ್ನೂ ಒಂದು ತಿಂಗಳು. ಅಂಥ ಕಾಲದಲ್ಲಿ ಆ ಸಭೆಯಲ್ಲಿ ಮಿತ್ರರು ಎದ್ದು ನಿಂತು, ಆಂಗ್ಲ ತೋಟಗಾರರ ನಡತೆಯನ್ನು ಯಾವ ಮುಲಾಜೂ ಇಲ್ಲದೆ ಖಂಡಿಸಿ ಮಾತನಾಡಿದರು.

ಮಾತು ಪತ್ರಿಕೆಗಳಲ್ಲಿ ಬಂದಿತು. ಛಾಯಾಚಿತ್ರ ಸಂಘದಲ್ಲಿದ್ದ ಆಂಗ್ಲರಿಗೆ ಅದು ಸಹನೆಯಾಗಲಿಲ್ಲ. ತಮ್ಮ ಜನಾಂಗವನ್ನು ನಿಂದಿಸಿದವನೊಡನೆ ಒಂದೇ ಸಂಘದಲ್ಲಿರುವುದು ಹೇಗೆ ಎಂಬ ಕೂಗೆದ್ದಿತು. ಮಿತ್ರರನ್ನು ಆ ವರ್ಷವೇ ಸಂಘದಿಂದ ಹೊರಹಾಕಿದರು.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ಖಜಾಂಚಿಯ ಮೇಲೆ ಲೆಕ್ಕದ ದೂರು ಬರಬಹುದು. ಇದು ಅದಲ್ಲ. ಸದಸ್ಯನು ಇನ್ನೊಬ್ಬನ ಚಿತ್ರವನ್ನು ತನ್ನದೆಂದು ತೋರಿಸಬಹುದು, ಸಂಘದ ಸಾಮಾನನ್ನು ಹಾಳುಮಾಡಬಹುದು, ಸಭೆಯಲ್ಲಿ ಅಸಭ್ಯವಾಗಿ ನಡೆಯಬಹುದು. ಇದು ಅವಾವುದೂ ಅಲ್ಲ. ಬೇರೊಂದು ಕಟ್ಟಡದಲ್ಲಿ, ಬೇರೊಂದು ಸಭೆಯಲ್ಲಿ, ಬೆಳ್ಳಿಯ ಲವಣಕ್ಕೂ ಗಾಜಿಗೂ ಸಂಬಂಧವಿಲ್ಲದ ವಿಷಯದಲ್ಲಿ ಆಡಿದ ಮಾತು ಇದು. ಆ ಮಾತು ಕಟುವಾಗಿತ್ತೆಂದೇ ಒಪ್ಪೋಣ. ಕಟುವಾದ ಮಾತಿಗೆ ಪುರಭವನದಲ್ಲಿಯೇ ಉತ್ತರ ಹೇಳಬಹುದಾಗಿತ್ತು. ಅದನ್ನು ಬಿಟ್ಟು, ಪುರಭವನದ ಜಗಳವನ್ನು ಛಾಯಾಚಿತ್ರ ಸಂಘದ ಬಾಗಿಲಲ್ಲಿ ತೀರಿಸಿಕೊಂಡರು.

ತೋಟಗಾರರ ವಿಷಯದಲ್ಲಿ ಮಿತ್ರರು ಹೇಳಿದುದು ಬರಿಯ ಆವೇಶವಾಗಿರಲಿಲ್ಲವೆಂಬುದು ಎರಡು ಮೂರು ವರ್ಷಗಳಲ್ಲಿಯೇ ಲೋಕಕ್ಕೆ ತಿಳಿಯಿತು. 1859ರಲ್ಲಿ ಬಂಗಾಳದ ರೈತರು ನೀಲಿಯನ್ನು ಬಿತ್ತುವುದಿಲ್ಲವೆಂದು ಹಟಹಿಡಿದರು, 1860ರಲ್ಲಿ ಸರ್ಕಾರವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಮಿತ್ರರಿಗೆ ಏಷ್ಯಾಟಿಕ್ ಸೊಸೈಟಿಯ ಬಾಗಿಲು ಮುಚ್ಚಲಿಲ್ಲ. 1868–69ರಲ್ಲಿ ಸರ್ಕಾರದ ಪರವಾಗಿಯೇ ಓಢ್ರದೇಶಕ್ಕೆ ಹೋಗಿ ಅಲ್ಲಿಯ ದೇವಾಲಯಗಳನ್ನು ಶೋಧಿಸಿ, 1875 ಮತ್ತು 1880ರಲ್ಲಿ ಎರಡು ಸಂಪುಟಗಳನ್ನು ಪ್ರಕಟಿಸಿದರು. ನಡುವೆ 1878ರಲ್ಲಿ ಬುದ್ಧಗಯೆಯ ಗ್ರಂಥವು ಹೊರಬಂದಿತು. 1885ರಲ್ಲಿ ಅವರು ಆ ಸೊಸೈಟಿಯ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲನೆಯ ಭಾರತೀಯರು ಅವರೇ. 1891ರಲ್ಲಿ ತೀರಿಕೊಂಡರು.

ಫರ್ಗುಸನ್ನನ ಮಾತನ್ನು ಈಗ ಹೇಳಬಹುದು. ಭಾರತೀಯರು ಕಲ್ಲಿನಲ್ಲಿ ಕಟ್ಟುವುದನ್ನು ಗ್ರೀಕರ ಸಂಪರ್ಕದಿಂದ ಕಲಿತರೆಂಬುದು ಆತನ ಮತ. ಅದಕ್ಕೆ ಮುಂಚೆಯೇ ಈ ದೇಶದಲ್ಲಿ ಶಿಲಾವಾಸ್ತುವಿದ್ದಿತೆಂಬುದು ಮಿತ್ರರ ಮತ. ವಿದ್ವಾಂಸರಲ್ಲಿ ಮತಭೇದವು ಸಹಜ. ಆದರೆ 1884ರಲ್ಲಿ ಫರ್ಗುಸನ್ನನು ಮಿತ್ರರ ಹೆಸರನ್ನೇ ಶೀರ್ಷಿಕೆಯಲ್ಲಿ ಹೊರಿಸಿ ಒಂದು ಪುಸ್ತಕವನ್ನು ಬರೆದು, ಅದರಲ್ಲಿ ಇಲ್ಬರ್ಟ್ ಮಸೂದೆಯ ವಾದವನ್ನೂ ಎಳೆದು ತಂದನು. 1883ರ ಆ ಮಸೂದೆಯು ದೇಶೀಯ ನ್ಯಾಯಾಧೀಶರು ಆಂಗ್ಲರನ್ನು ವಿಚಾರಿಸಬಹುದೇ ಎಂಬುದಕ್ಕೆ ಸಂಬಂಧಿಸಿದುದು. ಎಂದರೆ, ಇಪ್ಪತ್ತಾರು ವರ್ಷಗಳ ಹಿಂದೆ ಪುರಭವನದಲ್ಲಿ ಮಿತ್ರರನ್ನು ಮಾತನಾಡಿಸಿದ ಪ್ರಶ್ನೆಗೆ ಹತ್ತಿರದ ಸಂಬಂಧಿ. ನಮ್ಮ ಹಳೇಬೀಡಿನ ಶಿಲ್ಪವನ್ನು ಛಾಯಾಚಿತ್ರಗಳ ಮೂಲಕ ಮನಸಾರೆ ಹೊಗಳಿದ ಫರ್ಗುಸನ್ನನು ಅದನ್ನು ಕಡೆದವರ ವಂಶದವನೊಬ್ಬನ ವಿದ್ವತ್ತನ್ನು ಸಹಿಸಲಾರದೆ ಹೋದುದು ವಿಚಿತ್ರವಾಗಿದೆ. ಅವನ ಚಿತ್ರಜ್ಞಾನಕ್ಕೆ ನಾವು ಋಣಿಗಳೇ. ಆದರೂ ಇದನ್ನು ಮರೆಯಬೇಕಾಗಿಲ್ಲ.

ಇಂಥ ಅನ್ಯಾಯವು ವರ್ಣಭೇದವಿರುವಲ್ಲಿ ಮಾತ್ರ ನಡೆಯುವುದೆಂದು ತಿಳಿಯಬಾರದು. ನ್ಯೂಯಾರ್ಕಿನ ಕ್ಯಾಮೆರಾ ಕ್ಲಬ್ಬನ್ನು ದೊಡ್ಡದು ಮಾಡಿ ಅದರ ಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದ್ದ ಆಲ್ಫ್ರೆಡ್ ಸ್ಟೀಗ್ಲಿಟ್ಸನನ್ನು 1908ರಲ್ಲಿ ಅದೇ ಕ್ಲಬ್ಬಿನವರು ಹೊರಹಾಕಿದರು. ಆತನು ನ್ಯಾಯಸ್ಥಾನಕ್ಕೆ ಹೋಗಲು ಸಿದ್ಧನಾದ ಮೇಲೆ ಪುನಃ ಸೇರಿಸಿಕೊಂಡರು. ಸೇರಿಸಿಕೊಂಡ ಮೇಲೆ ಆತನೇ ರಾಜೀನಾಮೆ ಕೊಟ್ಟು ನಡೆದನು. ಹಟಮಾರಿಗಳೆಂದೇ ಹೆಸರಾದವರು ಇಬ್ಬರೂ. ಸಂಘಕ್ಕೆ ಹೆಸರನ್ನು ತರುವವರು ಅನೇಕ ವೇಳೆ ಅಂಥವರೇ ಆಗಿರುತ್ತಾರೆ. ಅವರೊಡನೆ ಸಭೆಯಲ್ಲಿ ಕುಳಿತುಕೊಳ್ಳುವುದು ಕಷ್ಟವೆಂಬುದನ್ನೂ, ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಮೂವತ್ತು ವರ್ಷ ಕುಳಿತ ನಾನು ಬಲ್ಲೆನು.

ನಮ್ಮ ಹಿಂದಿನವರು ಈ ವಿಚಾರದಲ್ಲಿ ಏನು ಹೇಳಿದ್ದಾರೆಂದು ನೋಡುವ ಕುತೂಹಲದಿಂದ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ತೆಗೆದೆನು. ಅದರಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವೊಂದಿದೆ. ಹಲವರು ಸೇರಿ ಮಾಡಿಕೊಂಡ ಒಪ್ಪಂದಕ್ಕೆ ಸಂವಿತ್ ಎಂದೂ ಸಮಯವೆಂದೂ ಹೆಸರು. ಗಣದ ದ್ರವ್ಯವನ್ನು ಅಪಹರಿಸಿದವನನ್ನೂ ಸಂವಿತ್ತನ್ನು ಮೀರಿದವನನ್ನೂ ಸರ್ವಸ್ವವನ್ನು ಕಿತ್ತುಕೊಂಡು ರಾಷ್ಟ್ರದಿಂದ ಹೊರಡಿಸಬೇಕೆಂದು ಸ್ಮೃತಿಯು ವಿಧಿಸುತ್ತದೆ. ದಂಡವು ಘೋರವಾಗಿದೆ, ನಿಜ. ಆದರೆ ಮುಂದಿನ ವಿಧಿಯನ್ನು ನೋಡಬೇಕು. ಸಮೂಹದ ಹಿತವನ್ನು ಹೇಳುವವರ ಮಾತಿಗೆ ವಿರುದ್ಧವಾಗಿ ನಡೆಯುವವನಿಗೆ ಹೇಳಿರುವುದು ಕೇವಲ ಪ್ರಥಮಸಾಹಸವೆಂಬ ಹಣದ ದಂಡ. ಅಂದರೆ ಕಳವು ಬೇರೆ, ಒಪ್ಪಂದವನ್ನು ಮುರಿಯುವುದು ಬೇರೆ, ಹೆಚ್ಚುಮಂದಿಗೆ ಒಪ್ಪಿಗೆಯಾಗದಂತೆ ನಡೆಯುವುದು ಬೇರೆ. ಬಹಿಷ್ಕಾರವು ಮೊದಲೆರಡಕ್ಕೆ ಮಾತ್ರ. ಸಮೂಹದ ಕೆಲಸಕ್ಕಾಗಿ ಹೋದವನು ತನಗೆ ದೊರೆತುದನ್ನು ತಾನಾಗಿ ತಂದೊಪ್ಪಿಸದಿದ್ದರೆ ಹನ್ನೊಂದರಷ್ಟು ತೆರಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಖಜಾಂಚಿಗಳಿಗೆ ಕಂಠಪಾಠ ಮಾಡಿಸತಕ್ಕ ಭಾಗ!

ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವರು. ಅವರು ಶ್ರೇಣಿ, ಪೂಗಗಳ ಭೇದವನ್ನು ವಿವರಿಸುತ್ತಾರೆ. ಕುದುರೆ ಮಾರುವವರು, ಎಲೆಯಡಕೆಯವರು, ನೇಯುವವರು, ಚರ್ಮಕಾರರು ಇವರಂತೆ ಒಂದೇ ಕಸುಬಿನಿಂದ ಜೀವಿಸುವವರ ಕೂಟವು ಶ್ರೇಣಿ. ಜಾತಿ, ವೃತ್ತಿ ಬೇರೆ ಬೇರೆಯಾಗಿದ್ದರೂ ಒಂದೇ ಊರಿನಲ್ಲಿ ವಾಸಿಸುವವರ ಸಮೂಹವು ಪೂಗ. ನಮ್ಮ ತರುಣರ ಸಂಘವು ಈ ಲಕ್ಷಣದಿಂದ ಪೂಗವೇ ಆಗುತ್ತದೆ. ಅವರಲ್ಲಿ ಒಬ್ಬನು ಬ್ಯಾಂಕಿನವನು, ಒಬ್ಬನು ಮೋಟಾರು ರಿಪೇರಿಯವನು, ಒಬ್ಬನಿಗೆ ತೋಟವಿದೆ, ಮದುವೆಮನೆಗಳಲ್ಲಿ ಚಿತ್ರ ತೆಗೆದು ಜೀವಿಸುವವರು ಇಬ್ಬರು. ಈ ಕೊನೆಯ ಇಬ್ಬರನ್ನು ವೃತ್ತಿಗಾರರೆಂದು ಹೊರಗಿಡಬೇಕೇ ಎಂಬ ಚರ್ಚೆಯೂ ನಡೆದಿದ್ದಿತು. ಟಾಲ್ಬಟ್ಟನ ಪೇಟೆಂಟಿನ ಕಾಲದ ಭೇದವು ನಮ್ಮೂರಿನವರೆಗೂ ಬಂದುದನ್ನು ಕಂಡು ನನಗೆ ನಗು ಬಂದಿತು. ಪೂಗವೆಂದ ಮೇಲೆ ಆ ಪ್ರಶ್ನೆಯೇ ಏಳುವುದಿಲ್ಲವೆಂದು ತೀರ್ಪು ಕೊಟ್ಟೆನು.

ಕಾಂಚೀಪುರದ ಬಳಿಯ ಉತ್ತರಮೇರೂರಿನಲ್ಲಿ ಚೋಳರಾಜನಾದ ಮೊದಲನೆಯ ಪರಾಂತಕನ ಕಾಲದ, 919 ಮತ್ತು 921ನೆಯ ವರ್ಷಗಳ ಶಾಸನಗಳಿವೆ. ಅಲ್ಲಿಯ ಸಭೆಯ ಉಪಸಮಿತಿಗಳಿಗೆ ಯಾರು ಅರ್ಹರೆಂಬುದನ್ನು ಅವು ಬಹು ಸೂಕ್ಷ್ಮವಾಗಿ ಹೇಳುತ್ತವೆ. ಸ್ವಂತ ನಿವೇಶನದಲ್ಲಿ ಮನೆ, ತೆರಿಗೆ ಕೊಡುವ ಭೂಮಿ, ವೇದಜ್ಞಾನ, 35ಕ್ಕೆ ಮೇಲೆ 70ಕ್ಕೆ ಒಳಗಿನ ವಯಸ್ಸು, ಹಿಂದಿನ ಮೂರು ವರ್ಷ ಸಮಿತಿಯಲ್ಲಿ ಇಲ್ಲದಿರುವುದು ಇವು ಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಬಂಧುಗಳೂ ಅನರ್ಹರು. ಅರ್ಹರ ಹೆಸರನ್ನು ಓಲೆಯ ಚೂರುಗಳಲ್ಲಿ ಬರೆದು ಕುಂಭದಲ್ಲಿ ಹಾಕಿ ಚಿಕ್ಕ ಬಾಲಕನ ಕೈಯಿಂದ ತೆಗೆಸುತ್ತಿದ್ದರು. ಭೂಮಿ, ವೇದ, ವಯಸ್ಸುಗಳ ನಿಯಮಗಳು ಇಂದು ನಮಗೆ ಸಲ್ಲುವಂಥವಲ್ಲ, ಸಲ್ಲಬಾರದು ಕೂಡ. ಲೆಕ್ಕದ ನಿಯಮವನ್ನೂ ಮೂರು ವರ್ಷದ ನಿಯಮವನ್ನೂ ಮಾತ್ರ ನಾನು ಕರಡಿನಲ್ಲಿ ಸೇರಿಸಿದೆನು. ತರುಣರು ಬಂಧುಗಳ ಮಾತನ್ನು ಹೊಡೆದುಹಾಕಿ ಉಳಿದುದನ್ನು ಒಪ್ಪಿದರು.

ಬಂಗಾಳದ ಸಂಘದ ಕಾಲದಲ್ಲಿ ಇಂಥ ಕೂಟಗಳಿಗೆ ನಮ್ಮ ದೇಶದಲ್ಲಿ ಪ್ರತ್ಯೇಕವಾದ ಕಾಯಿದೆ ಇರಲಿಲ್ಲ. ಸಂಘಗಳ ರಿಜಿಸ್ಟ್ರೇಷನ್ನಿನ ಕಾಯಿದೆಯು ಬಂದುದು 1860ರಲ್ಲಿ. ಸರಿಯಾಗಿ ನೂರು ವರ್ಷಗಳ ಮೇಲೆ, 1960ರಲ್ಲಿ, ನಮ್ಮ ರಾಜ್ಯದ ಕಾಯಿದೆಯಾಯಿತು. ಎರಡರಲ್ಲಿಯೂ ಕನಿಷ್ಠ ಏಳು ಮಂದಿ ಬೇಕೆಂದಿದೆ. ನಮ್ಮ ರಾಜ್ಯದಲ್ಲಿ ಈ ಕಲೆಯ ಸಂಘಗಳಿಗೆ ಕೊರತೆಯಿಲ್ಲ. 1953ರಲ್ಲಿ ಸ್ಥಾಪಿತವಾದ ಭಾರತೀಯ ಛಾಯಾಚಿತ್ರ ಒಕ್ಕೂಟಕ್ಕೆ ಬೆಂಗಳೂರಿನ ಡಾಕ್ಟರ್ ಜಿ. ತಾಮಸರು ದುಡಿದರು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು 1971ರಿಂದ ನಡೆಯುತ್ತಿದೆ. ಅವರ ದಾರಿಯನ್ನು ಕೇಳಿ ತಿಳಿದುಕೊಳ್ಳಿರೆಂದು ನಮ್ಮವರಿಗೆ ಹೇಳಿದ್ದೇನೆ.

ಹದಿನೈದು ದಿನಗಳಾದ ಮೇಲೆ ತರುಣರು ಬಂದರು. ಮಿತ್ರರ ಕಥೆಯನ್ನು ನಾನು ಮೇಲೆ ಬರೆದಂತೆಯೇ ಹೇಳಿದೆನು, ಕೆರೆಯ ಚಿತ್ರದ ಮಾತನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬ್ಯಾಂಕಿನಲ್ಲಿರುವವನು, “ಹಾಗಾದರೆ ಕೊಠಡಿ ಹೋಗುತ್ತದೆ, ಮೇಷ್ಟ್ರೇ” ಎಂದನು. ಅವನ ಮಾತೂ ಸುಳ್ಳಲ್ಲ. ಸಂಘಕ್ಕೆ ಕುಳಿತುಕೊಳ್ಳಲು ಸ್ಥಳವು ಬೇಕೇ ಬೇಕು, ಬಾಡಿಗೆಯು ಚಂದಾದಲ್ಲಿ ಹುಟ್ಟುವುದಿಲ್ಲ. “ಹೋಗಬಹುದಪ್ಪಾ” ಎಂದೆನು. ಕೆರೆಯ ಚಿತ್ರ ತೆಗೆದ ಹುಡುಗನು ಕರಡನ್ನು ಮಡಿಲಲ್ಲಿಟ್ಟುಕೊಂಡು ತಲೆ ಬಗ್ಗಿಸಿಕೊಂಡೇ ಕುಳಿತಿದ್ದನು.

ಒಂಬತ್ತನೆಯ ಕಟ್ಟಳೆಯು ಈಗ ಹೀಗಿದೆ. ಸಂಘದ ಹಣವನ್ನು ದುರುಪಯೋಗ ಮಾಡಿದವರನ್ನು, ಇಲ್ಲವೆ ಬರೆದಿಟ್ಟ ಕಟ್ಟಳೆಗಳಲ್ಲಿ ಯಾವುದನ್ನಾದರೂ ಬೇಕೆಂದೇ ಮುರಿದವರನ್ನು ಮಾತ್ರ ತೆಗೆಯಬಹುದು. ದೂರನ್ನು ಬರವಣಿಗೆಯಲ್ಲಿ ಕೊಡಬೇಕು, ಆ ವ್ಯಕ್ತಿಗೆ ಉತ್ತರ ಹೇಳಲು ಅವಕಾಶ ಕೊಡಬೇಕು. ಸಮಿತಿಯಲ್ಲ, ಸರ್ವಸದಸ್ಯರ ಸಭೆಯು ಮೂರರಲ್ಲಿ ಎರಡು ಪಾಲು ಮತದಿಂದ ನಿರ್ಣಯಿಸಬೇಕು. ಸಂಘದ ಹೊರಗೆ ಸದಸ್ಯರು ಆಡಿದ ಮಾತು, ತೆಗೆದ ಚಿತ್ರ, ಇವುಗಳ ವಿಚಾರವು ಸಂಘಕ್ಕೆ ಸೇರಿದುದಲ್ಲ. ಉತ್ತರಕ್ಕೆ ನಾನು ಏಳು ದಿನಗಳ ಅವಧಿಯನ್ನು ಹಾಕಿದ್ದೆನು, ಅದನ್ನು ಹದಿನೈದು ಮಾಡಿದವನು ಬ್ಯಾಂಕಿನವನೇ. ಕೊಠಡಿಯ ವಿಚಾರವಾಗಿ ಆ ಹಿರಿಯರು ಇನ್ನೂ ಏನನ್ನೂ ಹೇಳಿಲ್ಲ. ಮೊದಲನೆಯ ಎರಡು ಸಭೆಗಳು ನಮ್ಮ ಮನೆಯ ಜಗುಲಿಯ ಮೇಲೆ ನಡೆದಿವೆ. ಪ್ರವೇಶಶುಲ್ಕವು ನೂರು ರೂಪಾಯಿಯೋ ಇನ್ನೂರೋ ಎಂಬ ವಾದವು ಮೂರನೆಯ ಸಭೆಗೆ ಮುಂದೆ ಬಿದ್ದಿದೆ.